ಇಶಾಡ ಮಾವಿನ ಟಿಪ್ಪಣಿಯೂ ಭಾವನ ಸಾಲವೂ

ಪ್ರಶ್ನೆ: ಮೇಡಂ, ನಾನು ಅಂಕೋಲಾದವನು. ಒಂಬತ್ತು ವರ್ಷದಿಂದ ಕಂಪ್ಯೂಟರಿನ ನೋಟ್‌ಪ್ಯಾಡ್‌ನಲ್ಲಿ ಟಿಪ್ಪಣಿ ಬರೆದಿಡುತ್ತಿದ್ದೇನೆ. ಯಾವ ಕರಿ ಇಶಾಡ ಮರ ಯಾವಾಗ ಹೂ ಬಿಟ್ಟಿತು, ಮಳೆ ಎಂದು ಹಿಡಿಯಿತು, ಪೇಟೆಯಲ್ಲಿ ಡಜನ್ನಿಗೆ ಎಷ್ಟು, ಇಂಥವು. ಸುಮಾರು ನಾನ್ನೂರು ಫೈಲ್. ಬ್ಲಾಗ್ ಮಾಡು ಅಂತ ಮಗಳು ಫೈಲುಗಳಿಂದ ಸೈಟು ಕಟ್ಟುವ ಹ್ಯೂಗೋ ಎಂಬ ತಂತ್ರಾಂಶ ಹಾಕಿಕೊಟ್ಟು ಪುಣೆಗೆ ಹೋದಳು. ಒಂದೊಂದೇ ಕಾಪಿ-ಪೇಸ್ಟ್ ಮಾಡಬೇಕಾ? ಇನ್ನೊಂದು, ಮೊನ್ನೆ ಬೆಳಿಗ್ಗೆ ಏಳಕ್ಕೆ ಹಾಕಿದ ಬರಹ ಕಾಣಲೇ ಇಲ್ಲ. ಸಂಜೆ 2018ರ ಹಳೆಯದೊಂದನ್ನು ಹಾಕಿದೆ, ಆಗ ಎರಡೂ ಒಟ್ಟಿಗೆ ಕಂಡವು! ಇದೇನು?

ಉತ್ತರ: ಕಾಪಿ-ಪೇಸ್ಟ್ ಬೇಡ. ನಾನ್ನೂರನ್ನೂ ಹಾಗೆ ಹಾಕುತ್ತ ಕೂತರೆ ಮುಂದಿನ ವರ್ಷದ ಹೂವೂ ಉದುರಿ ಹೋಗಿರುತ್ತದೆ. ಹಾಗಂತ ಇಡೀ ಫೋಲ್ಡರನ್ನು ಎತ್ತಿ ಹ್ಯೂಗೋ ಒಳಗೆ ಸುರಿಯಬೇಡಿ. ಅದನ್ನು ಮಾಡಿ ನಾನು ಬೈಸಿಕೊಂಡಿದ್ದೇನೆ.

ನಮ್ಮದು ಶಿರಸಿ ಹತ್ತಿರ ಅಡಿಕೆ ತೋಟ. ಕೊಳೆ ಔಷಧಿ ಹೊಡೆದದ್ದು ಎಂದು, ಕೊನೆಕೊಯ್ಲು ಎಂದು, ಎಲ್ಲ ಒಂದೇ ಫೋಲ್ಡರಿನಲ್ಲಿ ಬರೆದಿಟ್ಟಿದ್ದೆ. ಒಂದು ದಿನ ಉಮೇದಿಯಲ್ಲಿ ಅಷ್ಟನ್ನೂ ಏರಿಸಿಬಿಟ್ಟೆ. ಅದರಲ್ಲೊಂದು ಸಾಲು: 'ಭಾವನಿಗೆ ಕೊಟ್ಟ 12 ಸಾವಿರ, ಕೇಳಬೇಕು.' ರಾತ್ರಿ ಅಕ್ಕನ ಫೋನ್ ಬಂತು. ಫೈಲ್ ಅಳಿಸಿದೆ, ಪುಟ ಹೋಯಿತು. ಆದರೆ ನಾನು ಫೈಲುಗಳನ್ನು ಗಿಟ್‌ಹಬ್ ಎಂಬ ಜಾಲತಾಣದಲ್ಲಿ ಇಟ್ಟಿದ್ದು ಎಲ್ಲರೂ ನೋಡಬಹುದಾದ ಜಾಗದಲ್ಲಿ. ಅದರ ಹಿಂದಿರುವ ಗಿಟ್ ಎಂಬ ತಂತ್ರಾಂಶ ಹಳೆಯ ಪ್ರತಿಗಳನ್ನೂ ಜೋಪಾನ ಮಾಡುತ್ತದೆ, ಅಲ್ವಾ? ಹಿಸ್ಟರಿ ತೆಗೆದರೆ ಭಾವನ ಸಾಲ ಅಲ್ಲೇ ಇತ್ತು. ಕೊನೆಗೆ ಅಲ್ಲಿನ ಆ ಇಡೀ ಸಂಗ್ರಹವನ್ನೇ (ರೆಪಾಸಿಟರಿ) ಡಿಲೀಟ್ ಮಾಡಿ ಹೊಸದು ತೆರೆದೆ.

ಅಂದಿನಿಂದ ಟಿಪ್ಪಣಿಯ ಫೋಲ್ಡರ್ ಬೇರೆ, ಸೈಟಿನ ಫೋಲ್ಡರ್ ಬೇರೆ. ಚಾಲಿಯಿಂದ (ಒಣಗಿಸಿ ಸುಲಿದ ಅಡಿಕೆ) ಕೋಕಾ, ಬಿಳೆಗೋಟು ಎಂಬ ಕೆಳದರ್ಜೆಯವನ್ನು ಆರಿಸಿ ತೆಗೆಯುವ ಹಾಗೆ ಟಿಪ್ಪಣಿಯನ್ನೂ ಆರಿಸಬೇಕು. ಯಾವುದು ಹೊರಗೆ ಹೋಗಬೇಕೋ ಅದರ ಮೊದಲ ಸಾಲಿನಲ್ಲಿ 'ಪ್ರಕಟ' ಎಂದು ಬರೆಯಿರಿ. ಮಗಳ ಹತ್ತಿರ ಇಪ್ಪತ್ತು-ಮೂವತ್ತು ಸಾಲಿನ ಒಂದು ಪೈಥಾನ್ ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಂ, ಬರೆಸಿಕೊಳ್ಳಿ. 'ಪ್ರಕಟ' ಇರುವ ಫೈಲನ್ನು ಮಾತ್ರ ಅದು ಎತ್ತಿಕೊಳ್ಳಲಿ. ಎರಡನೇ ಸಾಲನ್ನು ಶೀರ್ಷಿಕೆ ಮಾಡಲಿ. ಮೇಲೊಂದು ಕೆಳಗೊಂದು '---' ಸಾಲು ಇಟ್ಟು ನಡುವೆ ಶೀರ್ಷಿಕೆ, ತಾರೀಕು ಹಾಕಿ, ಮಾರ್ಕ್‌ಡೌನ್ (ಹ್ಯೂಗೋ ಓದುವ ಸರಳ ಪಠ್ಯ ರೂಪ) ಫೈಲಾಗಿ ಸೈಟಿನ ಫೋಲ್ಡರಿಗೆ ಇಳಿಸಲಿ. ಶೀರ್ಷಿಕೆಯ ಸುತ್ತ ಉದ್ಧರಣ ಚಿಹ್ನೆ ಇರಲಿ. 'ಇಶಾಡ: ಈ ವರ್ಷದ ಹೂ' ಎಂದು ಸುಮ್ನೆ ಬರೆದರೆ ನಡುವಿನ ಆ ಎರಡು ಚುಕ್ಕೆಗೇ ಹ್ಯೂಗೋ ಮುಗ್ಗರಿಸುತ್ತದೆ. ತಪ್ಪು ತಿದ್ದುವುದಿದ್ದರೆ ಮೂಲ ಟಿಪ್ಪಣಿಯಲ್ಲೇ ತಿದ್ದಿ. ಸೈಟಿನ ಪ್ರತಿಯಲ್ಲಿ ತಿದ್ದಿದ್ದು ಮುಂದಿನ ಸಲ ಸ್ಕ್ರಿಪ್ಟ್ ಓಡಿದಾಗ ಅಳಿಸಿಹೋಗುತ್ತದೆ.

ಫೈಲಿನ ಹೆಸರು 2018-05-12 ಹೀಗೆ ವರ್ಷದಿಂದ ಶುರುವಾಗಲಿ. ತಾರೀಕನ್ನು ಸ್ಕ್ರಿಪ್ಟ್ ಅಲ್ಲಿಂದಲೇ ತೆಗೆದುಕೊಳ್ಳುತ್ತದೆ. ನಾಳೆ ಹ್ಯೂಗೋ ಬೇಡ ಅನಿಸಿ ಅಂಥದೇ ಇನ್ನೊಂದು ತಂತ್ರಾಂಶ ಜೆಕಿಲ್‌ಗೆ ಹೋದರೂ ಅನುಕೂಲ, ಅಲ್ಲಿ ಬರಹದ ಫೈಲಿಗೆ ಇಂಥ ಹೆಸರು ಕಡ್ಡಾಯ.

ಈಗ ನಿಮ್ಮ ಮಾಯವಾದ ಬರಹ. ನೀವು 2018ರದ್ದು ಎಂದು ಬರೆದದ್ದರಿಂದಲೇ ಗುಟ್ಟು ಸಿಕ್ಕಿತು. ತಾರೀಕಿನ ಜೊತೆ ಬೆಳಿಗ್ಗೆ ಏಳು ಗಂಟೆ ಎಂದು ಹಾಕಿದ್ದೀರಿ, ಯಾವ ದೇಶದ ಏಳು ಎಂದು ಹೇಳಿಲ್ಲ. ಹೇಳದಿದ್ದರೆ ಹ್ಯೂಗೋ ಅದನ್ನು ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯ ಎಂದುಕೊಳ್ಳುತ್ತದೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ತಾಸು ಮುಂದೆ. ಅಂದರೆ ಹ್ಯೂಗೋ ಲೆಕ್ಕದಲ್ಲಿ ನಿಮ್ಮ ಬರಹ ಮಧ್ಯಾಹ್ನ ಹನ್ನೆರಡೂವರೆಯದು, ಇನ್ನೂ ಹುಟ್ಟಿಯೇ ಇಲ್ಲ. ಮುಂದಿನ ತಾರೀಕಿನ ಬರಹವನ್ನು ಅದು ಬಿಟ್ಟುಬಿಡುತ್ತದೆ. ಹನ್ನೆರಡೂವರೆ ಆದಮೇಲೂ ತಾನಾಗಿ ಎದ್ದು ನೋಡುವುದಿಲ್ಲ, ಯಾರಾದರೂ ಸೈಟನ್ನು ಮತ್ತೆ ಕಟ್ಟಿಸಬೇಕು. ಸಂಜೆ ಹಳೆಯದನ್ನು ಹಾಕಿದಾಗ ಆ ಕೆಲಸ ಆಯಿತು, ಎರಡೂ ಹೊರಬಂದವು. ತಾರೀಕಿನ ಕೊನೆಗೆ +05:30 ಸೇರಿಸಿ, ಇಲ್ಲವೇ ಹ್ಯೂಗೋ ಸೆಟ್ಟಿಂಗ್ ಫೈಲಿನಲ್ಲಿ ಟೈಮ್‌ಝೋನ್ ಏಷ್ಯಾ/ಕೋಲ್ಕತ್ತಾ ಎಂದು ಇಂಗ್ಲಿಷಿನಲ್ಲಿ ಒಮ್ಮೆ ಬರೆದಿಡಿ.

ನೀವು ಕೇಳದ ಎರಡು-ಮೂರು ಸಂಗತಿ, ಯಾಕೆಂದರೆ ಮುಂದಿನ ತಿಂಗಳು ಕೇಳುತ್ತೀರಿ. ನೋಟ್‌ಪ್ಯಾಡ್‌ನಲ್ಲಿ ಮಳೆ ಒಂದು ಸಾಲು, ರೇಟು ಇನ್ನೊಂದು ಸಾಲು ಎಂದು ಬರೆದಿರುತ್ತೀರಿ. ಮಾರ್ಕ್‌ಡೌನ್ ಅವನ್ನೆಲ್ಲ ಒಂದೇ ಪ್ಯಾರಾಕ್ಕೆ ಹೆಣೆದುಬಿಡುತ್ತದೆ, ಮಳೆಯೂ ಮಾವೂ ಕಲಸುಮೇಲೋಗರ. ಸೆಟ್ಟಿಂಗ್‌ನಲ್ಲಿ ಗೋಲ್ಡ್‌ಮಾರ್ಕ್ (ಹ್ಯೂಗೋ ಒಳಗೆ ಮಾರ್ಕ್‌ಡೌನ್ ಓದುವ ಭಾಗ) ಕೆಳಗೆ ಹಾರ್ಡ್‌ವ್ರ್ಯಾಪ್ಸ್ ಎಂಬುದನ್ನು ಆನ್ ಮಾಡಿದರೆ ಸಾಲು ಸಾಲಾಗೇ ಉಳಿಯುತ್ತದೆ.

ಪುಟದ ವಿಳಾಸ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿರಲಿ. ಕನ್ನಡದ ಮೇಲೆ ನನಗೆ ಸಿಟ್ಟಿಲ್ಲ ಮಾರಾಯ್ರೇ! 'ಕರಿ-ಇಶಾಡ' ಎಂದು ವಿಳಾಸ ಕೊಟ್ಟು ವಾಟ್ಸಾಪ್‌ಗೆ ಪೇಸ್ಟ್ ಮಾಡಿ ನೋಡಿ. ಒಂದೊಂದು ಅಕ್ಷರಕ್ಕೂ, ಗುಡಿಸಿಗೂ, ದೀರ್ಘಕ್ಕೂ ಶೇಕಡಾ ಚಿಹ್ನೆ ಸೇರಿ ಒಂಬತ್ತೊಂಬತ್ತು ಗುರುತು ಬೇಕು. ಆ ಪುಟ್ಟ ಹೆಸರು 64 ಗುರುತಿನ ಬಾಲವಾಗುತ್ತದೆ. ನೋಡಿದವರು ವೈರಸ್ ಎಂದು ಮುಟ್ಟುವುದೇ ಇಲ್ಲ.

ಹಳೆಯ ಫೈಲುಗಳಲ್ಲಿ ಕೆಲವನ್ನು 'ನುಡಿ' ಅಥವಾ 'ಬರಹ' ತಂತ್ರಾಂಶದ ಹಳೆ ಫಾಂಟ್‌ನಲ್ಲಿ ಟೈಪ್ ಮಾಡಿದ್ದೀರಾ? ಅವು ಸೈಟಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಅಲ್ಲಿ ಕನ್ನಡ ಇದ್ದದ್ದು ಫಾಂಟಿನ ವೇಷದಲ್ಲಿ ಮಾತ್ರ. ಮೊದಲು ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್‌ಗೆ ಬದಲಿಸಿ, ಆಮೇಲೆ 'ಪ್ರಕಟ' ಬರೆಯಿರಿ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಟ್ಟು ಓದಿ. ನನ್ನ ಫೈಲುಗಳಲ್ಲಿ ಮಾರ್ಚ್ ತಿಂಗಳೇ ಕೆಟ್ಟಿತ್ತು.