ತಮ್ಮನಿಗೆ ಸಾಲ: ನೂರಕ್ಕೆ ಎರಡೂ ಬೇಡ, ಸೊನ್ನೆಯೂ ಬೇಡ

ಪ್ರಶ್ನೆ: ಡೊಂಬಿವಲಿಯ ಶಾಲೆಯೊಂದರಲ್ಲಿ ಗುಮಾಸ್ತೆಯಾಗಿದ್ದೇನೆ. ನನ್ನ ತಮ್ಮ ಠಾಣೆಯ ಕಾರ್ಖಾನೆಯೊಂದರ ಕ್ಯಾಂಟೀನ್ ಗುತ್ತಿಗೆ ಹಿಡಿಯುತ್ತಿದ್ದಾನೆ. ಡಿಪಾಸಿಟ್, ಪಾತ್ರೆ, ಗ್ರೈಂಡರ್ ಎಂದು 6 ಲಕ್ಷ ರೂಪಾಯಿ ಕೇಳಿದ್ದಾನೆ. ಅಷ್ಟೇ ಹಣ ನನ್ನ ಹೆಸರಿನಲ್ಲಿ ಶೇ 7ರ ಎಫ್‌ಡಿಯಲ್ಲಿದೆ, ಎರಡು ವರ್ಷದ ಬಳಿಕ ಮಗಳ ಕಾಲೇಜಿಗೆಂದು ಇಟ್ಟದ್ದು. ‘ಹೊರಗೆ ನೂರಕ್ಕೆ ಮೂರು ಕೇಳುತ್ತಾರೆ ಅಕ್ಕಾ, ನಿನಗೆ ಎರಡು ಕೊಡುತ್ತೇನೆ’ ಎನ್ನುತ್ತಾನೆ. ಊರಿನಿಂದ ಅಮ್ಮ ಫೋನ್ ಮಾಡಿ ‘ಒಡಹುಟ್ಟಿದವನ ಹತ್ತಿರ ಬಡ್ಡಿಯೇ?’ ಎಂದು ನೊಂದುಕೊಳ್ಳುತ್ತಾರೆ. ಯಜಮಾನರಿಗೆ ಇನ್ನೂ ಹೇಳಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಯಜಮಾನರಿಗೆ ಹೇಳಿ. ಎಫ್‌ಡಿ ನಿಮ್ಮ ಹೆಸರಿನಲ್ಲಿದ್ದರೂ ಅದು ಮಗಳ ಓದಿನ ಹಣ. ಅವಳ ತಂದೆಗೆ ತಿಳಿಯದೆ ಅದು ಹೊಸಿಲು ದಾಟಬಾರದು. ತಡವಾಗಿ ಗೊತ್ತಾದರೆ, ಹಣ ಪೈಸೆ ಬಿಡದೆ ವಾಪಸಾದ ಮೇಲೂ ಮನೆಯಲ್ಲಿ ಆ ಮಾತು ಉಳಿದುಬಿಡುತ್ತದೆ.

ಇನ್ನು ಬಡ್ಡಿ. ನೂರಕ್ಕೆ ಎರಡು ಎಂದರೆ ತಿಂಗಳ ಲೆಕ್ಕ, ವರ್ಷಕ್ಕೆ ಶೇ 24. 6 ಲಕ್ಷಕ್ಕೆ ತಿಂಗಳಿಗೆ 12,000 ರೂಪಾಯಿ ಬಡ್ಡಿಗೇ ಹೋಗುತ್ತದೆ, ಅಸಲು ಕರಗುವುದಿಲ್ಲ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಊಟದ ದರ ಸಾಮಾನ್ಯವಾಗಿ ಕರಾರಿನಲ್ಲೇ ನಿಗದಿಯಾಗಿರುತ್ತದೆ. ಎಣ್ಣೆ, ತೊಗರಿಬೇಳೆ ತುಟ್ಟಿಯಾಯಿತೆಂದು ನಡುವೆ ಏರಿಸುವಂತಿಲ್ಲ. ಬಿಲ್ ಕೊಟ್ಟು ತಿಂಗಳು, ಎರಡು ತಿಂಗಳು ಹಣಕ್ಕಾಗಿ ಕಾಯಬೇಕು. ಇಂಥ ವ್ಯಾಪಾರಕ್ಕೆ ಶೇ 24 ಹೊರಿಸಿದರೆ ಮೊದಲು ಬಾಕಿ ಬೀಳುವುದು ನಿಮ್ಮ ಕಂತೇ. ತರಕಾರಿಯವನು ಕಾಯುವುದಿಲ್ಲ, ಗ್ಯಾಸಿನವನು ಕಾಯುವುದಿಲ್ಲ, ಅಕ್ಕ ಕಾಯುತ್ತಾಳೆ. ತಮ್ಮ ಪ್ರೀತಿಯಿಂದಲೇ ಎರಡು ಎಂದಿರಬಹುದು. ಆದರೂ ಒಪ್ಪಬೇಡಿ.

ಅಮ್ಮನ ಮಾತಿಗೂ ಒಂದು ಬೆಲೆಯಿದೆ. ಬಡ್ಡಿಯೇ ಬೇಡವೆಂದರೆ ವರ್ಷಕ್ಕೆ 42,000 ರೂಪಾಯಿ ಬಿಟ್ಟುಕೊಟ್ಟಂತೆ. ಕಾನೂನಿನ ಅಡ್ಡಿಯೇನೂ ಇಲ್ಲ: ಪಡೆಯದ ಬಡ್ಡಿಗೆ ನಿಮ್ಮ ಮೇಲೆ ತೆರಿಗೆ ಬೀಳುವುದಿಲ್ಲ, ಒಡಹುಟ್ಟಿದವರು ಕೊಟ್ಟ ಉಡುಗೊರೆಗೂ ಆದಾಯ ತೆರಿಗೆ ಇಲ್ಲ. ಆದರೆ ಆ 42,000 ಹೋಗುವುದು ಮಗಳ ಫೀಸಿನಿಂದ. ಅದನ್ನು ಬಿಟ್ಟುಕೊಡಬೇಕೋ ಬೇಡವೋ ಎಂಬುದನ್ನು ನೀವು, ನಿಮ್ಮ ಯಜಮಾನರು, ಮಗಳು ಕೂತು ಮಾತಾಡಬೇಕು. ಅಮ್ಮನ ಒಂದು ಫೋನಿಗೆ ಅದು ತೀರ್ಮಾನವಾಗಬಾರದು.

ನನ್ನ ಸಲಹೆ ಇದು. ಎಫ್‌ಡಿ ಕೊಡುತ್ತಿದ್ದ ಶೇ 7ನ್ನೇ ಕೇಳಿ, ಹೆಚ್ಚು ಬೇಡ. ಹೊರಗಿನವರು ಕೇಳುವ ಬಡ್ಡಿಯ ಐದನೇ ಒಂದು ಪಾಲೂ ಅದಲ್ಲ. 6 ಲಕ್ಷವನ್ನೂ ಕೊಡಬೇಡಿ. 4 ಲಕ್ಷ ಕೊಟ್ಟು 2 ಲಕ್ಷ ಕಾಲೇಜಿಗೆ ಉಳಿಸಿ. ಮಿಕ್ಕಿದ್ದಕ್ಕೆ ಅವನು ಹಳೆಯ ಗ್ರೈಂಡರ್, ಪಾತ್ರೆ ಹುಡುಕಲಿ, ಇಲ್ಲವೇ ಬ್ಯಾಂಕಿನಲ್ಲಿ ಮುದ್ರಾ ಸಾಲಕ್ಕೆ ಅರ್ಜಿ ಹಾಕಲಿ. ಮುದ್ರಾದ ಕಿಶೋರ್ ವಿಭಾಗದಲ್ಲಿ ಜಾಮೀನಿಲ್ಲದೆ 5 ಲಕ್ಷದವರೆಗೆ ಕೊಡುತ್ತಾರೆ. ಮೊದಲ ಬಿಲ್ಲಿನ ಹಣ ಬರಲು ಸಮಯ ಬೇಕಲ್ಲ, ಆದ್ದರಿಂದ ಮೂರು ತಿಂಗಳು ಬಡ್ಡಿ ಮಾತ್ರ ಕೊಡಲಿ, ತಿಂಗಳಿಗೆ ಸುಮಾರು 2,333 ರೂಪಾಯಿ. ನಾಲ್ಕನೇ ತಿಂಗಳಿನಿಂದ 10,000 ಅಸಲು, ಉಳಿದ ಬಾಕಿಗಷ್ಟೇ ಬಡ್ಡಿ. ಹೀಗೆ ನಡೆದರೆ ಎರಡು ವರ್ಷ ತುಂಬುವಾಗ 2,10,000 ರೂಪಾಯಿ ಅಸಲು ನಿಮ್ಮ ಕೈಸೇರಿರುತ್ತದೆ. ವರ್ಷಕ್ಕೆ ಇಂತಿಷ್ಟು ಕಂತು ತಪ್ಪಿದರೆ ಮುಂದೂಡಬಹುದು ಎಂಬುದನ್ನೂ ಈಗಲೇ ಮಾತಾಡಿಕೊಳ್ಳಿ. ಕಷ್ಟದ ತಿಂಗಳಲ್ಲಿ ಅವನು ನಿಮ್ಮ ಫೋನ್ ತೆಗೆಯಲು ಹೆದರುವಂತಾಗಬಾರದು. ಎಫ್‌ಡಿ ಮುರಿಯುವ ಮುನ್ನ ಬ್ಯಾಂಕು ಎಷ್ಟು ಬಡ್ಡಿ ಕಡಿತ ಮಾಡುತ್ತದೆಂದು ಕೇಳಿ ತಿಳಿಯಿರಿ.

ಕಾಗದ ಮಾಡಿಸಿಕೊಳ್ಳಲು ಸಂಕೋಚ ಬೇಡ. ಪ್ರಾಮಿಸರಿ ನೋಟಿನಲ್ಲಿ ದಿನಾಂಕ, ಮೊತ್ತ, ಬಡ್ಡಿದರ ಬರೆದು, ಕೇಳಿದಾಗ ತೀರಿಸುತ್ತೇನೆ ಎಂದು ನಮೂದಿಸಿ, 1 ರೂಪಾಯಿಯ ರೆವೆನ್ಯೂ ಸ್ಟ್ಯಾಂಪ್ ಅಂಟಿಸಿ. ತಮ್ಮನ ಸಹಿ ಸ್ಟ್ಯಾಂಪಿನ ಮೇಲೆ ಹಾದು ಕಾಗದಕ್ಕೂ ತಾಗಬೇಕು. ಸ್ಟ್ಯಾಂಪ್ ಇಲ್ಲದ ನೋಟನ್ನು ನ್ಯಾಯಾಲಯ ಸಾಕ್ಷ್ಯವೆಂದು ಒಪ್ಪುವುದಿಲ್ಲ, ಆಮೇಲೆ ದಂಡ ಕಟ್ಟಿ ಸರಿಪಡಿಸಲೂ ಬರುವುದಿಲ್ಲ. ಕಂತಿನ ಪಟ್ಟಿ ಬೇರೆ ಹಾಳೆಯಲ್ಲಿರಲಿ. ನೋಟಿನ ಆಯುಸ್ಸು ಮೂರು ವರ್ಷ. ನಿಮ್ಮ ಸಾಲ ಅದಕ್ಕಿಂತ ಮುಂದೆ ಹೋಗುವುದರಿಂದ ಅವಧಿ ಮುಗಿಯುವ ಮೊದಲೇ ಉಳಿದ ಬಾಕಿಗೆ ಹೊಸ ನೋಟು ಬರೆಸಿ. ಹಣ ಬ್ಯಾಂಕ್ ಮೂಲಕವೇ ಹೋಗಲಿ. 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ಪಡೆದವರಿಗೆ ಸಾಲದಷ್ಟೇ ದಂಡ ಬೀಳಬಹುದು, ಅಂದರೆ ನಿಮ್ಮ ತಮ್ಮನಿಗೆ. ಬರುವ ಬಡ್ಡಿಯನ್ನು ನಿಮ್ಮ ತೆರಿಗೆ ವಿವರದಲ್ಲಿ ಇತರ ಆದಾಯವೆಂದು ತೋರಿಸಿ.

ಪ್ರಶ್ನೆ: ಪಿಂಪ್ರಿಯಲ್ಲಿರುವ ಭಾವನವರಿಗೆ 3 ಲಕ್ಷ ರೂಪಾಯಿ ನಗದು ಕೊಟ್ಟು ಎರಡೂವರೆ ವರ್ಷವಾಯಿತು. ಬರವಣಿಗೆ ಏನೂ ಇಲ್ಲ. ಈಗ ಬಡ್ಡಿ ಕೇಳಬಹುದೇ?

ಉತ್ತರ: ಬಡ್ಡಿಯ ಆಸೆ ಬಿಡಿ. ಕೊಡುವಾಗ ಆಡದ ಮಾತನ್ನು ಈಗ ಎತ್ತಿದರೆ ಅಸಲಿನ ಮಾತೂ ಕೆಡುತ್ತದೆ. ನಿಮ್ಮ ಮುಂದಿರುವ ಅಪಾಯ ಬೇರೆಯೇ ಇದೆ: ಸಾಲ ಕೊಟ್ಟ ದಿನದಿಂದ ಮೂರು ವರ್ಷ ಕಳೆದರೆ ದಾವೆ ಹೂಡುವ ಕಾಲಮಿತಿ ಮುಗಿಯುತ್ತದೆ. ಅದಕ್ಕೆ ಮೊದಲು ಭಾವನವರು ‘ಇಷ್ಟು ಬಾಕಿ ಇದೆ’ ಎಂದು ಬರೆದು ಸಹಿ ಹಾಕಿದರೆ ಆ ದಿನದಿಂದ ಮತ್ತೆ ಮೂರು ವರ್ಷ ಸಿಗುತ್ತದೆ. ಸ್ವಲ್ಪ ಹಣ ಕಟ್ಟಿ, ಅದು ಯಾವ ಸಾಲದ ಬಾಬ್ತು ಎಂದು ತಮ್ಮ ಕೈಯಿಂದ ಬರೆದುಕೊಟ್ಟರೂ ಆದೀತು. ಮರುಪಾವತಿಯೂ ಬ್ಯಾಂಕ್ ಮೂಲಕವೇ ಆಗಲಿ. ಅಕ್ಕನ ಎದುರಿನಲ್ಲೇ, ದನಿ ಏರಿಸದೆ, ‘ಬಡ್ಡಿ ಬೇಡ ಭಾವ, ಬಾಕಿ ಎಷ್ಟೆಂದು ಒಂದು ಚೀಟಿ ಬರೆದುಕೊಡಿ’ ಎಂದು ಕೇಳಿ. ಆರು ತಿಂಗಳಷ್ಟೇ ಉಳಿದಿದೆ, ಈ ಭಾನುವಾರವೇ ಹೋಗಿ ಬನ್ನಿ.