ವಾಲ್ಯೂಮ್ ಗುಂಡಿ ಕಲಿಯದಿದ್ದರೆ

ಹಳೆಯ ರಿಮೋಟುಗಳ ಸಂಕೇತಗಳನ್ನು ಕಲಿತು ಅವುಗಳ ಕೆಲಸ ಮಾಡುವ ಹೊಸ ಯೂನಿವರ್ಸಲ್ ರಿಮೋಟು ಟಿವಿಯ ಪವರ್ ಗುಂಡಿಯನ್ನು ಕಲಿತಿತು, ವಾಲ್ಯೂಮ್ ಗುಂಡಿಯನ್ನು ಕಲಿಯಲಿಲ್ಲ, ಟಿವಿಗೆ ಸಿಕ್ಕಿಸಿದ ಫೈರ್ ಟಿವಿ ಸ್ಟಿಕ್ಕಿನದಂತೂ ಒಂದೂ ಇಲ್ಲ ಎಂದಿದ್ದೀರಿ. ಇವು ಎರಡು ಬೇರೆ ಕಾಯಿಲೆಗಳು.

ವಾಲ್ಯೂಮ್ ವಿಷಯದಲ್ಲಿ ನನ್ನ ಅನುಮಾನ ನಿಮ್ಮ ಹೆಬ್ಬೆರಳಿನ ಮೇಲೆ. ಅನೇಕ ರಿಮೋಟುಗಳಲ್ಲಿ ಗುಂಡಿಯನ್ನು ಒತ್ತಿ ಹಿಡಿದರೆ ಪೂರ್ತಿ ಸಂಕೇತ ಹೋಗುವುದು ಒಮ್ಮೆ ಮಾತ್ರ. ಆಮೇಲೆ ಬರುವುದೆಲ್ಲ ‘ಮತ್ತೆ ಅದೇ’ ಎನ್ನುವ ತುಂಡು ಸಂಕೇತ. ಹೊಸ ರಿಮೋಟು ಆ ತುಂಡನ್ನೇ ಕಲಿತರೆ ಟಿವಿಗೆ ತಲೆಬುಡ ತಿಳಿಯುವುದಿಲ್ಲ. ಎರಡೂ ರಿಮೋಟುಗಳನ್ನು ಮೇಜಿನ ಮೇಲೆ ಮುಖಾಮುಖಿ, ಎರಡು ಮೂರು ಸೆಂಟಿಮೀಟರ್ ಅಂತರದಲ್ಲಿ ಮಲಗಿಸಿ, ಹಳೆಯದರ ಗುಂಡಿಯನ್ನು ತಟ್ಟಿ ಬಿಡಿ. ಕಿಟಕಿಯ ಬಿಸಿಲು ನೇರವಾಗಿ ಬೀಳದಿರಲಿ. ಧೂಳು ಕೂರಬಾರದೆಂದು ರಿಮೋಟಿಗೆ ತೊಡಿಸಿದ ಪ್ಲಾಸ್ಟಿಕ್ ಕವರನ್ನೂ ತೆಗೆಯಿರಿ. ನಮ್ಮ ಮನೆಯಲ್ಲಿ ನಾನು ಅರ್ಧ ದಿನ ಒದ್ದಾಡಿದ್ದು ಅದರಿಂದಲೇ, ಅದೂ ಮಾಸಿ ಹಳದಿಯಾಗಿದ್ದ ಕವರು.

ಹಳೆಯ ರಿಮೋಟು ಬೆಳಕು ಬಿಡುತ್ತಿದೆಯೇ ಎಂಬ ಸಂದೇಹವಿದ್ದರೆ ಮೊಬೈಲಿನ ಸೆಲ್ಫಿ ಕ್ಯಾಮೆರಾದ ಎದುರು ಹಿಡಿದು ಒತ್ತಿ ನೋಡಿ. ರಿಮೋಟು ಸಂಕೇತ ಕಳಿಸುವ, ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಬೆಳಕು ಅನೇಕ ಮೊಬೈಲುಗಳ ಪರದೆಯ ಮೇಲೆ ನೇರಳೆ ಚುಕ್ಕೆಯಾಗಿ ಮಿನುಗುತ್ತದೆ.

ಫೈರ್ ಸ್ಟಿಕ್ಕಿನ ರಿಮೋಟಿನಿಂದ ಕಲಿಸುವ ಯತ್ನವನ್ನು ಕೈಬಿಡಿ. ಅದರ ರಿಮೋಟು ಸ್ಟಿಕ್ಕಿನೊಡನೆ ಮಾತನಾಡುವುದು ಬ್ಲೂಟೂತ್‌ನಲ್ಲಿ; ಬೆಳಕನ್ನಷ್ಟೇ ಓದಬಲ್ಲ ರಿಮೋಟಿಗೆ ಅದು ಕೇಳಿಸುವುದೇ ಇಲ್ಲ. ಬದಲಿಗೆ ಟಿವಿಯ ಸೆಟ್ಟಿಂಗ್‌ನಲ್ಲಿ ಎಚ್‌ಡಿಎಂಐ ಸಿಇಸಿ, ಅಂದರೆ ಟಿವಿಯೂ ಅದಕ್ಕೆ ಸಿಕ್ಕಿಸಿದ ಸಾಧನವೂ ಒಂದಕ್ಕೊಂದು ಆಜ್ಞೆ ಕಳಿಸುವ ಸೌಲಭ್ಯ, ಆನ್ ಮಾಡಿ. ಆಗ ಸಾಮಾನ್ಯವಾಗಿ ಟಿವಿ ರಿಮೋಟಿನ ಬಾಣದ ಗುಂಡಿಗಳೇ ಸ್ಟಿಕ್ಕನ್ನೂ ನಡೆಸುತ್ತವೆ, ಆ ಗುಂಡಿಗಳನ್ನು ಹೊಸ ರಿಮೋಟಿಗೆ ಕಲಿಸಬಹುದು.