ಇಳಿಸಿದ ತೂಕ ಮತ್ತೆ ವಾಪಸ್ ಬರದ ಹಾಗೆ ನೋಡಿಕೊಳ್ಳೋದು ಹೇಗೆ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ವಯಸ್ಸು 34, ಬೆಂಗಳೂರಲ್ಲಿ ದಿನವಿಡೀ ಕೂತು ಮಾಡುವ ಕೆಲಸ. ಕೀಟೋ (ಪಿಷ್ಟ ತೀರಾ ಕಡಿಮೆ, ಕೊಬ್ಬು ಜಾಸ್ತಿ ಇರುವ ಊಟ) ಮಾಡಿ ನಾಲ್ಕು ತಿಂಗಳಲ್ಲಿ 9 ಕೆ.ಜಿ. ಇಳಿಸಿದಿರಿ, ವರ್ಷ ತುಂಬುವುದರೊಳಗೆ 11 ವಾಪಸ್ ಬಂತು. ಆಮೇಲೆ ದಿನಕ್ಕೆ 16 ಗಂಟೆ ಉಪವಾಸ ಹಿಡಿದಿರಿ, ಅದೂ ಹಾಗೇ ಆಯಿತು. ಈಗ "ಕೊನೆವರೆಗೂ ಉಳಿಯುವ ದಾರಿ ಯಾವುದಾದರೂ ಇದೆಯಾ, ಇಲ್ಲಾ ನನಗೇ ಮನಸ್ಸು ಗಟ್ಟಿ ಇಲ್ಲವಾ" ಅಂತ ಕೇಳಿದ್ದೀರಿ.

ಮೊದಲು ಆ ಕೊನೆಯ ಮಾತಿಗೆ ಉತ್ತರ. ಮನಸ್ಸು ಗಟ್ಟಿ ಇಲ್ಲದವರು ನಾಲ್ಕು ತಿಂಗಳು ಅನ್ನ, ಚಪಾತಿ ಬಿಟ್ಟು ಇರೋದಕ್ಕೆ ಆಗುತ್ತದಾ? ಆಗಲ್ಲ. ದಯವಿಟ್ಟು ಆ ಯೋಚನೆ ಬಿಡಿ. ನಾನೂ ಅದನ್ನೇ ಹತ್ತು ವರ್ಷ ತಲೆಯಲ್ಲಿ ಇಟ್ಟುಕೊಂಡು ನೊಂದವಳು, ಅದರಿಂದ ಒಂದು ಗ್ರಾಂ ಕೂಡ ಇಳಿಯಲಿಲ್ಲ.

ನನ್ನ ವಿಷಯ ಹೇಳಿಬಿಡುತ್ತೇನೆ. ಮೈಸೂರಲ್ಲಿ ಇರೋದು, ಲೆಕ್ಕಪತ್ರದ ಕೆಲಸ, ಮನೆಯಲ್ಲಿ ನಾವು ನಾಲ್ಕು ಜನ, ಅತ್ತೆ, ನಮ್ಮ ಯಜಮಾನರು, ಮಗ, ನಾನು. ಎತ್ತರ 5 ಅಡಿ 2 ಇಂಚು. 2018ರ ಜುಲೈನಲ್ಲಿ 84 ಕೆ.ಜಿ. ಇದ್ದೆ, ಮೂರು ತಿಂಗಳ ಸರಾಸರಿ ಸಕ್ಕರೆ ಟೆಸ್ಟ್ ಅಂತ ಮಾಡುತ್ತಾರಲ್ಲ, ಅದು 6.3 ಬಂದಿತ್ತು, ಸಕ್ಕರೆ ಕಾಯಿಲೆಯ ಅಂಚು. ಅದಕ್ಕೆ ಮುಂಚೆ ನಾಲ್ಕು ಸಲ ಇಳಿಸಿ ನಾಲ್ಕು ಸಲವೂ ವಾಪಸ್ ಹಾಕಿಕೊಂಡಿದ್ದೆ. ಐದನೇ ಸಲ ಹದಿನಾಲ್ಕು ತಿಂಗಳಲ್ಲಿ 68ಕ್ಕೆ ಬಂದೆ. ಅವತ್ತಿಂದ ಇವತ್ತಿನವರೆಗೆ 68ರಿಂದ 70ರ ಮಧ್ಯೆ ಇದ್ದೇನೆ, ನಡುವೆ ಒಂದೇ ಒಂದು ಸಲ ಮೇಲೆ ಹೋಗಿದ್ದು, ಅದನ್ನೂ ಹೇಳುತ್ತೇನೆ.

ಐದನೇ ಸಲ ಬೇರೆ ಏನು ಮಾಡಿದೆ ಅಂದರೆ, ಯಾವ ಡಯಟ್ ಅನ್ನೋ ಹುಡುಕಾಟ ಬಿಟ್ಟೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 609 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕೊಬ್ಬು ಕಡಿಮೆ, ಇನ್ನೊಂದಕ್ಕೆ ಪಿಷ್ಟ ಕಡಿಮೆ ಇರುವ ಊಟ ಹೇಳಿ ಒಂದು ವರ್ಷ ನೋಡಿದರು. 2018ರಲ್ಲಿ ಫಲಿತಾಂಶ ಬಂತು. ಎರಡೂ ಗುಂಪಿನ ಸರಾಸರಿ ಇಳಿಕೆ ಹೆಚ್ಚುಕಡಿಮೆ ಒಂದೇ, ಐದಾರು ಕೆ.ಜಿ. ಆದರೆ ಒಂದೇ ಗುಂಪಿನ ಒಳಗೆ ಕೆಲವರು ತುಂಬಾ ಇಳಿದಿದ್ದರು, ಕೆಲವರು ಇನ್ನೂ ಏರಿದ್ದರು. ಅದನ್ನು ಓದಿದಾಗ ಅನ್ನಿಸಿದ್ದು, ಇಷ್ಟು ವರ್ಷ ನಾನು ತಪ್ಪು ಪ್ರಶ್ನೆ ಕೇಳುತ್ತಿದ್ದೆ ಅಂತ. ಇಳಿಸುವುದು ಒಂದು ಕೆಲಸ, ಇಳಿದದ್ದನ್ನು ಹಿಡಿದಿಟ್ಟುಕೊಳ್ಳುವುದು ಇನ್ನೊಂದು ಕೆಲಸ. ಮೊದಲನೇದಕ್ಕೆ ಸಾವಿರ ಜನ ದಾರಿ ಹೇಳುತ್ತಾರೆ. ಎರಡನೇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಒಂದು ಸಲ ದುಡ್ಡು ಕಟ್ಟಿ ಸೇರಿದ್ದ ಕಡೆ ಟಾರ್ಗೆಟ್ ಮುಟ್ಟಿದ ದಿನ ಫೋಟೋ ತೆಗೆದು, ಕೈಕುಲುಕಿ ಕಳಿಸಿಬಿಟ್ಟರು. ಮಾರನೇ ದಿನದಿಂದ ಏನು ತಿನ್ನಬೇಕು ಅಂತ ನನಗೆ ಗೊತ್ತಿರಲಿಲ್ಲ, ಹಳೇ ಊಟಕ್ಕೇ ಹೋದೆ.

ಹಳೇ ಊಟಕ್ಕೆ ಹೋದರೆ ಹಳೇ ತೂಕವೇ ಬರೋದು. 84 ಕೆ.ಜಿ. ಮೈಯನ್ನು ಹೊತ್ತು ನಡೆಯೋದಕ್ಕೆ ಬೇಕಾಗುವಷ್ಟು ಊಟ 68 ಕೆ.ಜಿ. ಮೈಗೆ ಬೇಡ. ಅದರ ಜೊತೆಗೆ ತೂಕ ಇಳಿದಾಗ ಮೈ ತಾನೇ ಖರ್ಚು ಕಡಿಮೆ ಮಾಡಿಕೊಳ್ಳುತ್ತದೆ, ಹಸಿವು ಜಾಸ್ತಿ ಮಾಡುತ್ತದೆ. ಅಮೆರಿಕದ ಒಂದು ಟಿವಿ ಸ್ಪರ್ಧೆಯಲ್ಲಿ ಭಯಂಕರವಾಗಿ ತೂಕ ಇಳಿಸಿದ್ದ 14 ಜನರನ್ನು ಆರು ವರ್ಷ ಆದಮೇಲೆ ಪರೀಕ್ಷೆ ಮಾಡಿದರು, 2016ರಲ್ಲಿ ಅದು ಪ್ರಕಟ ಆಯಿತು. ಬಹುತೇಕ ಎಲ್ಲರೂ ಮತ್ತೆ ತೂಕ ಹಾಕಿಕೊಂಡಿದ್ದರು, ಅವರ ಮೈ ಸುಮ್ನೆ ಕೂತಾಗ ಖರ್ಚು ಮಾಡುತ್ತಿದ್ದ ಶಕ್ತಿ ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಇತ್ತು. ಅವರದ್ದು ಅತಿರೇಕದ ಇಳಿಕೆ, ನಮ್ಮಂಥವರಿಗೆ ಅಷ್ಟು ಆಗಲ್ಲ. ಆದರೆ ನಿಮಗೆ 9 ಹೋಗಿ 11 ಬಂದಿದ್ದಕ್ಕೆ ಕಾರಣ ನಿಮ್ಮ ಗುಣ ಅಲ್ಲ ಅಂತ ಇದರಿಂದ ಗೊತ್ತಾಗುತ್ತದೆ ಅಲ್ವಾ. ಇನ್ನೊಂದು ಮಾತು, ಕೀಟೋದ ಮೊದಲ ವಾರ ಎರಡು ಮೂರು ಕೆ.ಜಿ. ಇಳಿಯುತ್ತದಲ್ಲ, ಅದರಲ್ಲಿ ಹೆಚ್ಚಿನದು ನೀರು. ಅನ್ನ ಮತ್ತೆ ತಿಂದ ವಾರವೇ ಆ ನೀರು ವಾಪಸ್ ಬರುತ್ತದೆ. ಅದನ್ನು ನೋಡಿ "ಅಯ್ಯೋ, ಎಲ್ಲಾ ಹೋಯಿತು" ಅಂತ ಕೈಬಿಡುವವರು ಎಷ್ಟೋ ಜನ.

ಹಾಗಾಗಿ ನಾನು ಒಂದು ನಿಯಮ ಇಟ್ಟುಕೊಂಡೆ. ಹತ್ತು ವರ್ಷ ಆದಮೇಲೆ ಒಂದು ಮಂಗಳವಾರ, ಆಫೀಸಿಂದ ಸುಸ್ತಾಗಿ ಬಂದು, ಮನೆಯಲ್ಲಿ ನೆಂಟರಿದ್ದಾಗಲೂ ಮಾಡೋಕಾಗುವ ಬದಲಾವಣೆ ಮಾತ್ರ ಮಾಡುವುದು. ಬೇರೆ ಯಾವುದೂ ಬೇಡ.

ಶುರು ಮಾಡಿದ್ದು ಎಣ್ಣೆಯಿಂದ. ನಮ್ಮ ಮನೆಗೆ ತಿಂಗಳಿಗೆ 6 ಲೀಟರ್ ಎಣ್ಣೆ ಬರುತ್ತಿತ್ತು. ನಾನು ಲೆಕ್ಕದವಳು, ಒಂದು ದಿನ ಭಾಗಾಕಾರ ಮಾಡಿದೆ. ತಲೆಗೆ ದಿನಕ್ಕೆ 50 ಮಿಲಿ, ಅಂದರೆ 400 ಕ್ಯಾಲೊರಿಗಿಂತ ಜಾಸ್ತಿ, ಬರೀ ಎಣ್ಣೆಯಿಂದ. ಕರಿದದ್ದನ್ನು ನಾವು ಅಷ್ಟೇನೂ ತಿನ್ನುತ್ತಿರಲಿಲ್ಲ, ಎಲ್ಲಾ ಒಗ್ಗರಣೆಗೆ, ಪಲ್ಯಕ್ಕೆ, ದೋಸೆಗೆ ಹೋಗುತ್ತಿತ್ತು. ಕ್ಯಾನಿನಿಂದ ನೇರ ಬಾಣಲೆಗೆ ಸುರಿಯುವ ಕೈ ಅದು. ತಿಂಗಳ ಮೊದಲ ದಿನ ಮೂರೂವರೆ ಲೀಟರ್ ತೆಗೆದಿಟ್ಟೆ, ಅದರಿಂದ ಒಂದು ಚಿಕ್ಕ ಸ್ಟೀಲ್ ಗಿಂಡಿಗೆ ಹಾಕಿಕೊಂಡು, ಟೀ ಚಮಚದಲ್ಲಿ ಅಳೆದು ಹಾಕೋದು ಅಂತ ಮಾಡಿದೆ. ಅತ್ತೆಗೆ ಮೊದಲ ವಾರ ಬೇಜಾರಾಯಿತು, ಸಾಸಿವೆ ಸಿಡಿಯಲ್ಲ ಅಂದರು. ಒಗ್ಗರಣೆ ಸೌಟು ಚಿಕ್ಕದು ತಂದುಕೊಟ್ಟೆ, ಅದರಲ್ಲಿ ಎರಡು ಚಮಚಕ್ಕೇ ಚೆನ್ನಾಗಿ ಸಿಡಿಯುತ್ತದೆ. ಇಷ್ಟರಲ್ಲೇ ಒಬ್ಬೊಬ್ಬರಿಗೆ ದಿನಕ್ಕೆ ಸುಮಾರು 170 ಕ್ಯಾಲೊರಿ ಕಡಿಮೆ ಆಯಿತು. ರುಚಿಯಲ್ಲಿ ವ್ಯತ್ಯಾಸ ಒಂದು ತಿಂಗಳಲ್ಲಿ ಯಾರಿಗೂ ಗೊತ್ತಾಗದ ಹಾಗೆ ಆಯಿತು.

ಆಮೇಲೆ ಅನ್ನ. ನಾನು ಅನ್ನ ಬಿಡಲಿಲ್ಲ, ಬಿಡಲ್ಲ. ಅಡುಗೆಮನೆ ತಕ್ಕಡಿ ತಂದು ನನ್ನ ರಾತ್ರಿ ಊಟದ ಅನ್ನ ತೂಗಿದೆ. ಸಾರಿಗೆ, ಮೊಸರಿಗೆ ಎಲ್ಲಾ ಸೇರಿ 420 ಗ್ರಾಂ. ಅದನ್ನು ಮೂರು ತಿಂಗಳಲ್ಲಿ ಸ್ವಲ್ಪ ಸ್ವಲ್ಪವಾಗಿ 200ಕ್ಕೆ ತಂದೆ. ಬರೀ ಕಡಿಮೆ ಮಾಡಿದ್ದರೆ ಹತ್ತೇ ದಿನಕ್ಕೆ ಕೈಬಿಡುತ್ತಿದ್ದೆ. ಅನ್ನ ಬಿಟ್ಟ ಜಾಗಕ್ಕೆ ಪಲ್ಯ ಬಂತು. ನಮ್ಮ ಕಡೆ ಬಸ್ಸಾರು ಮಾಡುತ್ತೇವಲ್ಲ, ಹೆಸರುಕಾಳೋ ಹಲಸಂದೆಯೋ ದಂಟಿನ ಸೊಪ್ಪಿನ ಜೊತೆ ಬೇಯಿಸಿ, ಬಸಿದು, ಆ ನೀರಿಗೆ ಮಸಾಲೆ ರುಬ್ಬಿ ಹಾಕಿ ಸಾರು, ಕಾಳು ಸೊಪ್ಪಿಗೆ ಒಗ್ಗರಣೆ ಹಾಕಿ ಪಲ್ಯ. ತೂಕ ಇಳಿಸುವವರಿಗೆ ಇದಕ್ಕಿಂತ ಒಳ್ಳೆ ಅಡುಗೆ ನಾನು ಕಂಡಿಲ್ಲ. ಮುಂಚೆ ಆ ಪಲ್ಯ ತಟ್ಟೆಯ ಅಂಚಿನಲ್ಲಿ ಎರಡು ಚಮಚ ಇರುತ್ತಿತ್ತು. ಈಗ ಮೊದಲು ಒಂದು ಬಟ್ಟಲು ತುಂಬಾ ಪಲ್ಯ ತಿಂದು ಆಮೇಲೆ ಅನ್ನ ಹಾಕಿಕೊಳ್ಳುತ್ತೇನೆ. ಕಾಳಲ್ಲಿ ಪ್ರೋಟೀನ್ ಇದೆ, ಸೊಪ್ಪಲ್ಲಿ ನಾರು ಇದೆ, ಹೊಟ್ಟೆ ನಿಲ್ಲುತ್ತದೆ. ಬೆಳಿಗ್ಗೆ ತಿಂಡಿ ಜೊತೆ ಎರಡು ಮೊಟ್ಟೆ. ಮೊಟ್ಟೆ ತಿನ್ನದವರಾದರೆ ಮೊಳಕೆಕಾಳಿನ ಉಸಲಿ ಮಾಡಿಕೊಳ್ಳಿ.

ರಾಗಿ ಮುದ್ದೆ ತಿಂದರೆ ತೂಕ ಇಳಿಯುತ್ತದೆ ಅಂತ ನಿಮಗೆ ಯಾರಾದರೂ ಹೇಳಿಯೇ ಇರುತ್ತಾರೆ. ನನಗೆ ಮುದ್ದೆ ಅಂದರೆ ಪ್ರಾಣ, ಆದರೂ ನಿಜ ಹೇಳುತ್ತೇನೆ. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ ಇದೆ, ಅಷ್ಟೇ ಅಕ್ಕಿಯಲ್ಲಿ ಸುಮಾರು 355. ದೊಡ್ಡ ವ್ಯತ್ಯಾಸ ಏನಲ್ಲ. ವ್ಯತ್ಯಾಸ ಇರೋದು ನಾರಿನಲ್ಲಿ, ರಾಗಿಯಲ್ಲಿ 11 ಗ್ರಾಂ, ಪಾಲಿಷ್ ಅಕ್ಕಿಯಲ್ಲಿ 3ಕ್ಕಿಂತ ಕಡಿಮೆ. ಹಾಗಾಗಿ ಬೇಗ ಹಸಿವಾಗಲ್ಲ. ಆದರೆ ಮುದ್ದೆ ತಿಂದು ಮೇಲೆ ಹಳೇ ಅಳತೆಯ ಅನ್ನವನ್ನೂ ತಿಂದರೆ ಏನೂ ಇಳಿಯಲ್ಲ.

ಈಗ ಎರಡನೇ ಕೆಲಸ, ಹಿಡಿದಿಟ್ಟುಕೊಳ್ಳೋದು. ನಿಮಗೆ ನಾನು ಹೇಳಬೇಕು ಅಂತ ಕೂತಿದ್ದೇ ಇದನ್ನು.

ನಮ್ಮ ಅಡುಗೆಮನೆಯಲ್ಲಿ ಕ್ಯಾಲೆಂಡರ್ ಇದೆ, ಅದರಲ್ಲಿ ಹಾಲಿನ ಲೆಕ್ಕ ಬರೆಯುತ್ತೇವೆ. ಅದೇ ಚೌಕದಲ್ಲಿ ಕೆಳಗೆ ಪೆನ್ಸಿಲಲ್ಲಿ ನನ್ನ ಬೆಳಗಿನ ತೂಕ. ದಿನಾ ಎದ್ದು, ಟಾಯ್ಲೆಟ್‌ಗೆ ಹೋಗಿ ಬಂದು, ಏನೂ ಕುಡಿಯುವುದಕ್ಕೆ ಮುಂಚೆ ನೋಡೋದು. ಹಿಂದಿನ ದಿನ ಉಪ್ಪಿನಕಾಯಿ ತಿಂದಿದ್ದರೆ, ಮದುವೆ ಊಟ ಆಗಿದ್ದರೆ, ತಿಂಗಳ ಮುಟ್ಟಿನ ದಿನಗಳಾದರೆ ಒಂದು ಒಂದೂವರೆ ಕೆ.ಜಿ. ಹೆಚ್ಚು ತೋರಿಸುತ್ತದೆ, ಅದು ನೀರು, ಅದಕ್ಕೆ ಹೆದರಬೇಡಿ. ಭಾನುವಾರ ಏಳೂ ದಿನದ ಸರಾಸರಿ ತೆಗೆಯುತ್ತೇನೆ. ಆ ಸರಾಸರಿ 70 ದಾಟಿದರೆ ಅದೇ ವಾರ ನೋಟ್‌ಬುಕ್ ತೆಗೆದು ತಿಂದಿದ್ದೆಲ್ಲಾ ಬರೆಯೋದು, ಅನ್ನ ತೂಗೋದು, ಬೇಕರಿ ಪೂರ್ತಿ ಬಂದ್. ಮತ್ತೆ 69ಕ್ಕೆ ಬಂದಮೇಲೆ ನೋಟ್‌ಬುಕ್ ಒಳಗೆ. ಇಷ್ಟೇ. ಎರಡು ಕೆ.ಜಿ. ಇಳಿಸೋದು ಒಂದೂವರೆ ತಿಂಗಳ ಕೆಲಸ. ಹದಿನಾರು ಕೆ.ಜಿ. ಇಳಿಸೋದು ಎಂಥ ಕಷ್ಟ ಅಂತ ನಿಮಗೂ ಗೊತ್ತು.

ಇದು ನಾನೇ ಕಂಡುಹಿಡಿದಿದ್ದಲ್ಲ. ಅಮೆರಿಕದಲ್ಲಿ ರೀನಾ ವಿಂಗ್ ಅನ್ನುವ ಸಂಶೋಧಕಿ, ಆಗಲೇ ತೂಕ ಇಳಿಸಿಕೊಂಡಿದ್ದ 314 ಜನರ ಮೇಲೆ ಹೀಗೇ ಒಂದು ಪ್ರಯೋಗ ಮಾಡಿದ್ದರು, 2006ರಲ್ಲಿ ಪ್ರಕಟವಾಯಿತು. ದಿನಾ ತೂಕ ನೋಡಿ, ಟ್ರಾಫಿಕ್ ಸಿಗ್ನಲ್ ಥರ ಹಸಿರು, ಹಳದಿ, ಕೆಂಪು ಅಂತ ಗುರುತು ಹಾಕಿಕೊಳ್ಳೋದು, ಕೆಂಪಿಗೆ ಬಂದ ತಕ್ಷಣ ಮತ್ತೆ ಶುರು ಮಾಡೋದು. ಒಂದೂವರೆ ವರ್ಷದಲ್ಲಿ, ಸುಮ್ನೆ ಮೂರು ತಿಂಗಳಿಗೊಂದು ಪತ್ರಿಕೆ ಕಳಿಸಿದ್ದ ಗುಂಪಿನಲ್ಲಿ ನೂರಕ್ಕೆ 72 ಜನ ಎರಡು ಕಾಲು ಕೆ.ಜಿ.ಗಿಂತ ಜಾಸ್ತಿ ವಾಪಸ್ ಹಾಕಿಕೊಂಡರು. ಇದನ್ನು ಕಲಿತು, ಎದುರುಬದುರು ಕೂತು ಮಾತಾಡಿಕೊಂಡು ಮಾಡಿದ ಗುಂಪಿನಲ್ಲಿ 46. ಪವಾಡ ಅಲ್ಲ, ಆದರೆ ನನಗೆ ಆ ವ್ಯತ್ಯಾಸ ತುಂಬಾ ದೊಡ್ಡದಾಗಿ ಕಂಡಿತು. ಒಂದು ಎಚ್ಚರಿಕೆ, ತೂಕದ ಅಂಕಿ ನೋಡಿದರೆ ಇಡೀ ದಿನ ಮನಸ್ಸು ಹಾಳಾಗುವವರು, ಊಟದ ವಿಷಯದಲ್ಲಿ ಮುಂಚೆ ತೊಂದರೆ ಪಟ್ಟವರು ಇದನ್ನು ಮಾಡಬೇಡಿ. ಸೊಂಟದ ಬಟ್ಟೆ ಬಿಗಿ ಆಯಿತಾ ಅಂತ ನೋಡಿಕೊಂಡರೂ ಆಗುತ್ತದೆ.

ನಾನು ಮೇಲೆ ಹೋಗಿದ್ದು 2020ರ ಲಾಕ್‌ಡೌನ್‌ನಲ್ಲಿ. ಮನೆ ತುಂಬಾ ಜನ, ದಿನಾ ಸಂಜೆ ಬಜ್ಜಿ, ಬೋಂಡಾ, ನಡೆಯೋದು ನಿಂತಿತ್ತು, ಮನಸ್ಸಲ್ಲಿ ಭಯ. ಎರಡು ತಿಂಗಳು ತಕ್ಕಡಿ ಹತ್ತಲೇ ಇಲ್ಲ. ಹತ್ತಿದಾಗ 72.6. ಹಳೇ ನಾನಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಈ ಸಲ ಏನು ಮಾಡಬೇಕು ಅಂತ ಗೊತ್ತಿತ್ತು. ನೋಟ್‌ಬುಕ್ ತೆಗೆದೆ. ನಾಲ್ಕು ತಿಂಗಳು ಹಿಡಿಯಿತು, ಬಂತು.

ನಡಿಗೆ ಬಗ್ಗೆ. ಇಳಿಸುವಾಗ ನಡಿಗೆಯಿಂದ ನನಗೆ ಹೆಚ್ಚೇನೂ ಆಗಲಿಲ್ಲ, ಒಂದು ಗಂಟೆ ನಡೆದದ್ದನ್ನು ಎರಡು ವಡೆ ವಾಪಸ್ ತರುತ್ತವೆ. ಉಳಿಸಿಕೊಳ್ಳೋದಕ್ಕೆ ಮಾತ್ರ ಅದು ಬೇಕೇ ಬೇಕು. ಅಮೆರಿಕದಲ್ಲಿ 1994ರಿಂದ ಒಂದು ದಾಖಲೆ ಇಡುತ್ತಿದ್ದಾರೆ, 13 ಕೆ.ಜಿ.ಗೂ ಜಾಸ್ತಿ ಇಳಿಸಿ ಕನಿಷ್ಠ ಒಂದು ವರ್ಷ ಉಳಿಸಿಕೊಂಡವರು ಅದರಲ್ಲಿ ಹೆಸರು ಬರೆಸಬಹುದು. ಇಳಿಸಿದ ದಾರಿ ಒಬ್ಬೊಬ್ಬರದ್ದು ಒಂದೊಂದು, ಆದರೆ ಹೆಚ್ಚಿನವರು ದಿನಕ್ಕೆ ಹತ್ತಿರ ಹತ್ತಿರ ಒಂದು ಗಂಟೆ ಮೈ ಆಡಿಸುತ್ತಾರೆ. ನಾನು ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯುತ್ತೇನೆ, ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು. ನಿಮಗೆ ಬೆಂಗಳೂರಲ್ಲಿ ಟ್ರಾಫಿಕ್ ಕಾಟ ಇದೆ ಅಂತ ಗೊತ್ತು. ಊಟದ ನಂತರ ಹದಿನೈದು ನಿಮಿಷದ ಹಾಗೆ ಮೂರು ಸಲ ಮಾಡಿ, ಅದೂ ಲೆಕ್ಕಕ್ಕೆ ಬರುತ್ತದೆ. ವಾರಕ್ಕೆರಡು ದಿನ ಭಾರ ಎತ್ತುವ ವ್ಯಾಯಾಮ ಸೇರಿಸಿ, ಇಲ್ಲದಿದ್ದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ.

ಅಮ್ಮ ಬಲವಂತ ಮಾಡಿ ಬಡಿಸುತ್ತಾರೆ ಅಂತ ಬರೆದಿದ್ದೀರಿ. ಅದಕ್ಕೆ ಜಗಳ ಮಾಡಬೇಡಿ. ನಮ್ಮಮ್ಮನೂ ಹಾಗೇ, "ಇನ್ನೊಂಚೂರು ಹಾಕ್ಕೋ, ಮುಖ ಇಳಿದುಹೋಗಿದೆ" ಅನ್ನುತ್ತಿದ್ದರು. ಬೇಡ ಬೇಡ ಅಂದರೆ ಅವರಿಗೆ ನೋವಾಗುತ್ತದೆ. ನಾನು "ಪಲ್ಯ ಇನ್ನೊಂದು ಸೌಟು ಹಾಕಮ್ಮ, ಚೆನ್ನಾಗಿದೆ" ಅನ್ನೋದಕ್ಕೆ ಶುರು ಮಾಡಿದೆ. ಅವರಿಗೆ ಬಡಿಸಿದ ಖುಷಿ, ನನ್ನ ಅನ್ನ ಅಷ್ಟಕ್ಕೇ ನಿಂತಿತು. ಯುಗಾದಿಗೆ ಹೋಳಿಗೆ ತಿನ್ನಿ, ತುಪ್ಪ ಹಾಕಿಕೊಂಡೇ ತಿನ್ನಿ. ವರ್ಷದ ಹತ್ತು ಹಬ್ಬದಿಂದ ಯಾರೂ ದಪ್ಪ ಆಗಲ್ಲ, ಹಬ್ಬದ ಮಾರನೇ ದಿನದಿಂದ ಡಬ್ಬಿಯಲ್ಲಿ ಉಳಿದದ್ದನ್ನು ಒಂದು ವಾರ ತಿನ್ನೋದರಿಂದ ಆಗೋದು.

ಶುರು ಮಾಡೋದಕ್ಕೆ ಮುಂಚೆ ಥೈರಾಯ್ಡ್, ಸಕ್ಕರೆ ಟೆಸ್ಟ್ ಮಾಡಿಸಿ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುತ್ತಿದ್ದರೆ ಡಾಕ್ಟರನ್ನು ಕೇಳದೆ ಊಟ ಕಡಿಮೆ ಮಾಡಬೇಡಿ, ಸಕ್ಕರೆ ಒಮ್ಮೆಲೇ ಇಳಿದು ಅಪಾಯ ಆಗಬಹುದು. ಈಗ ಬಂದಿರುವ ತೂಕ ಇಳಿಸುವ ಇಂಜೆಕ್ಷನ್‌ಗಳ ಬಗ್ಗೆಯೂ ಕೇಳಿದ್ದೀರಿ. ಅವು ಕೆಲಸ ಮಾಡುತ್ತವೆ, ಡಾಕ್ಟರ್ ನಿಮಗೆ ಬೇಕು ಅಂದರೆ ತಗೊಳ್ಳೋದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ಅವುಗಳಲ್ಲಿ ಒಂದಾದ ಸೆಮಾಗ್ಲುಟೈಡ್ ನಿಲ್ಲಿಸಿದವರನ್ನು ಒಂದು ವರ್ಷ ಗಮನಿಸಿದಾಗ, ಇಳಿದ ತೂಕದ ಮೂರರಲ್ಲಿ ಎರಡು ಭಾಗ ವಾಪಸ್ ಬಂದಿತ್ತು. ಅಲ್ಲೂ ಇದೇ ಎರಡನೇ ಕೆಲಸ ಇದ್ದೇ ಇದೆ.

ಇನ್ನೊಂದು ವಿಷಯ ಮುಚ್ಚಿಡಲ್ಲ. ನಮ್ಮ ದೇಶದವರಿಗೆ ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಅನ್ನೋ ಲೆಕ್ಕ) 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಅಂತ ಲೆಕ್ಕ. ನನ್ನದು ಈಗಲೂ 27ರ ಮೇಲಿದೆ. ಇನ್ನೂ ಇಳಿಸೋಕೆ ಎರಡು ಸಲ ನೋಡಿದೆ, ಯಾವಾಗಲೂ ಹಸಿವು, ಮನೆಯವರ ಮೇಲೆ ರೇಗಾಟ, ನಿದ್ದೆ ಇಲ್ಲ. ಬಿಟ್ಟೆ. ಸಕ್ಕರೆ 5.6ಕ್ಕೆ ಬಂದಿದೆ, ಬಿ.ಪಿ. ಸರಿ ಇದೆ, ಬೆಟ್ಟ ಹತ್ತುವಾಗ ಮಂಡಿ ನೋಯಲ್ಲ. ಇದ್ದ ತೂಕದಲ್ಲಿ ನೂರಕ್ಕೆ ಐದರಿಂದ ಹತ್ತು ಇಳಿದರೂ ಸಕ್ಕರೆ, ಬಿ.ಪಿ.ಗೆ ಒಳ್ಳೇದು. ನೀವು 86 ಇದ್ದೀರಿ, 79ಕ್ಕೆ ಬಂದು ಅಲ್ಲೇ ಒಂದು ವರ್ಷ ನಿಲ್ಲಿ. ಮುಂದಿನದು ಆಮೇಲೆ ನೋಡಿಕೊಳ್ಳಬಹುದು.

ಈ ವಾರ ಏನೂ ಬಿಡಬೇಡಿ. ಮನೆಗೆ ತಿಂಗಳಿಗೆ ಎಷ್ಟು ಲೀಟರ್ ಎಣ್ಣೆ ಬರುತ್ತದೆ ಅಂತ ಅಮ್ಮನನ್ನು ಕೇಳಿ, ರಾತ್ರಿ ಅನ್ನ ಒಂದು ಸಲ ತೂಗಿ, ಆಫೀಸಲ್ಲಿ ಎಷ್ಟು ಟೀ, ಅದಕ್ಕೆಷ್ಟು ಸಕ್ಕರೆ ಅಂತ ಬರೆದಿಡಿ. ಈ ಮೂರು ಅಂಕಿ ಇಲ್ಲಿ ಹಾಕಿದರೆ ಎಲ್ಲಿಂದ ಶುರು ಮಾಡಬಹುದು ಅಂತ ಸೇರಿ ನೋಡೋಣ.